ಮದಕವಿಲ್ಲ ಎಂದ ಊರು

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಪಂಚಾಯತಿನಲ್ಲಿ ಯಾರೂ ಇಲ್ಲ. ಮಳೆ ಜೋರಾದರೆ ಗುಡ್ಡ ಜರಿಯುತ್ತದೋ ಎಂದು ಚಿಂತೆ, ಕಡಿಮೆಯಾದರೆ ಬಾವಿ ಬತ್ತುತ್ತದೋ ಎಂದು ಚಿಂತೆ. ರಿಕ್ಷಾ ಓಡಿಸುವ ನನ್ನ ಗಂಡ, “ನಿಂಗೆ ಒಂದು ದಿನ ಚಿಂತೆ ಇಲ್ಲದಿದ್ರೆ ಅದೇ ದೊಡ್ಡ ಚಿಂತೆ ಆಗ್ತದೆ ಮಾರಾಯ್ತಿ” ಎಂದು ತಮಾಷೆ ಮಾಡುತ್ತಾರೆ. ಇಂಥವಳನ್ನು ಹಿಡಿದು ಜನ ಪಂಚಾಯತ್ ಸದಸ್ಯೆ ಮಾಡಿದರು. ವಾರ್ಡು ಮಹಿಳೆಗೆ ಮೀಸಲಾಗಿತ್ತು, ನಿಲ್ಲಲು ಯಾರೂ ಮುಂದೆ ಬರಲಿಲ್ಲ, ಮೂಡುಬಿದಿರೆಯ ಟೈಲರಿಂಗ್ ಅಂಗಡಿಯಲ್ಲಿ ಕೂತು ಊರಿನ ಅರ್ಧ ಹೆಂಗಸರ ರವಿಕೆ ಹೊಲಿದ ನನಗೆ ಎಲ್ಲರ ಪರಿಚಯ ಇತ್ತು. ಗೆದ್ದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ, ಇನ್ನು ಇವರಿಗೆಲ್ಲ ಏನು ಉತ್ತರ ಹೇಳುವುದು ಎಂದು ತಲೆಯ ಮೇಲೆ ಕೈಹೊತ್ತು ಕೂತದ್ದು.

ನಮ್ಮ ಊರು ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ. ಕಚೇರಿ ಕೆಲಸಕ್ಕೆ ಬಂಟ್ವಾಳ, ಬಟ್ಟೆಗೆ, ಔಷಧಿಗೆ, ಮಕ್ಕಳ ಕಾಲೇಜಿಗೆ ಮೂಡುಬಿದಿರೆ. ನನ್ನ ತವರು ಬೆಳ್ತಂಗಡಿ ತಾಲೂಕಿನ ನಾರಾವಿಯ ಹತ್ತಿರ. ಈ ಮೂರರ ನಡುವೆ ಬಸ್ಸಿನಲ್ಲಿ ನೇತಾಡುವುದರಲ್ಲೇ ನನ್ನ ಆಯುಷ್ಯದ ಒಂದು ಪಾಲು ಕಳೆದಿದೆ. ಊರಿನ ನೆತ್ತಿಯ ಮೇಲೆ ಒಂದು ಪದವು ಇದೆ. ಪದವು ಎಂದರೆ ಕೆಂಪು ಮುರಕಲ್ಲಿನ ಬೋಳು ಗುಡ್ಡ. ಮೇಲೆ ಚಪ್ಪಟೆ, ಮಳೆಗಾಲದಲ್ಲಿ ಮೊಣಕಾಲೆತ್ತರದ ಹುಲ್ಲು, ಬೇಸಿಗೆಯಲ್ಲಿ ಬರಿಗಾಲು ಇಡಲಾಗದಷ್ಟು ಕಾವು. ಅದರ ಒಂದು ಮಗ್ಗುಲಲ್ಲಿ ಮದಕ. ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಮಣ್ಣು, ಕಲ್ಲು ಹಾಕಿ ಏರಿ ಕಟ್ಟಿ ಮಾಡಿದ ಅಗಲವಾದ ತಗ್ಗು ಅದು. ಪದವಿನ ಮಳೆನೀರು ಅಲ್ಲಿಗೆ ಬಂದು ನಿಲ್ಲುತ್ತದೆ, ನಿಂತದ್ದು ಮೆಲ್ಲಗೆ ಇಂಗುತ್ತದೆ, ಇಂಗಿದ್ದು ಕೆಳಗೆ ಗದ್ದೆ, ತೋಟ, ಮನೆಗಳಿರುವ ಬೈಲಿನ ಬಾವಿಗಳಲ್ಲಿ ಮೇಲೇಳುತ್ತದೆ. ದೀಪಾವಳಿ ಕಳೆದು ಸ್ವಲ್ಪ ಕಾಲಕ್ಕೆ ಮದಕ ಬತ್ತುತ್ತದೆ. ಆಮೇಲೆ ಅದು ದನ ಮಲಗುವ, ಹುಡುಗರು ಕ್ರಿಕೆಟ್ ಆಡುವ ಜಾಗ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಪತ್ತನಾಜೆ ಕಳೆದ ಕೂಡಲೇ, ಅಂದರೆ ಭೂತಕೋಲ, ಯಕ್ಷಗಾನದ ಆಟ ಎಲ್ಲ ಮುಗಿದು ಊರು ಮಳೆಗೆ ಕಾಯುವ ಹೊತ್ತಿಗೆ, ಬೈಲಿನ ಮನೆಗೊಬ್ಬರಂತೆ ಹಾರೆ, ಬುಟ್ಟಿ ಹಿಡಿದು ಮದಕದ ಹೂಳು ತೆಗೆಯಲು ಹೋಗುವ ಕ್ರಮ ಇತ್ತು. ತೆಗೆದ ಹೂಳನ್ನು ತೆಂಗಿನ ಬುಡಕ್ಕೆ ಹಂಚಿಕೊಳ್ಳುತ್ತಿದ್ದರು. ಬೆಲ್ಲ ಕಲಸಿದ ಅವಲಕ್ಕಿ ತಿಂದು, ಒಬ್ಬರ ಕಾಲು ಒಬ್ಬರು ಎಳೆದು ನಗಾಡಿ ಇಳಿದು ಬರುತ್ತಿದ್ದರು. ಮನೆಮನೆಗೆ ಪಂಪು ಬಂತು, ಹಾರೆ ಹಿಡಿಯುವವರು ದುಬಾಯಿಗೋ ಮಸ್ಕತ್ತಿಗೋ ಹೋದರು, ಕ್ರಮ ನಿಂತಿತು. ಯಾರೂ ನಿಲ್ಲಿಸಿದ್ದಲ್ಲ.

ಪದವು ಪಂಚಾಯತಿನ ಬಾಯಿಗೆ ಬಂದದ್ದು ಬೀಡಿಯ ಅಕ್ಕನ ಕಾರಣದಿಂದ. ಅವರು ಜಂಕ್ಷನ್ನಿನ ರೇಶನ್ ಅಂಗಡಿಯ ಹಿಂದೆ ಬಾಡಿಗೆ ಕೋಣೆಯಲ್ಲಿ ಮಗಳೊಂದಿಗೆ ಇದ್ದ ಬ್ಯಾರಿ ಹೆಂಗಸು. ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿಯೇ ಮಗಳನ್ನು ಕಾಲೇಜಿನವರೆಗೆ ತಂದವರು. ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಕೂತರೆ ಮಾತಾಡುವಾಗಲೂ ಬೆರಳು ನಿಲ್ಲುವುದಿಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನಾನು ಗೆದ್ದ ಮರುದಿನದಿಂದ ‘ಮೆಂಬರಕ್ಕ’ ಎಂದೇ ಕರೆಯುವುದು. ನಾನು ಸದಸ್ಯೆಯಾಗುವ ಎಷ್ಟೋ ಮೊದಲಿನಿಂದ ಅವರು ಮನೆ ನಿವೇಶನಕ್ಕೆ ಅರ್ಜಿ ಕೊಡುತ್ತಲೇ ಇದ್ದರು. ಪಂಚಾಯತಿನಲ್ಲಿ ಅಧಿಕಾರಿಗಳು ಬದಲಾದಂತೆ ಹೊಸ ಅರ್ಜಿ, ಹಳೆಯ ಉತ್ತರ: ಸರಕಾರಿ ಜಾಗ ಇಲ್ಲ.

ಅಷ್ಟರಲ್ಲಿ ರಸ್ತೆ ಅಗಲವಾಯಿತು. ಜಂಕ್ಷನ್ನಿನ ಅಂಗಡಿಗಳ ಮುಂಭಾಗ ಹೋಯಿತು. ಕಟ್ಟಡದ ಧಣಿ ಗಲ್ಫಿನಿಂದ ಬಂದು, ಉಳಿದದ್ದನ್ನೂ ಕೆಡವಿ ಹೊಸ ಕಾಂಪ್ಲೆಕ್ಸ್ ಎಬ್ಬಿಸುತ್ತೇನೆ, ಮಳೆಗಾಲಕ್ಕೆ ಮೊದಲು ಖಾಲಿ ಮಾಡಿ ಎಂದರು. ಅವರೇನು ಕೆಟ್ಟವರಲ್ಲ, ಒಳ್ಳೆಯ ಮಾತಿನಲ್ಲೇ ಹೇಳಿದರು. ಅಕ್ಕ ಆ ದಿನ ನಮ್ಮ ಜಗಲಿಗೆ ಬಂದು ಕೂತರು. ಕೈಯಲ್ಲಿ ಗೆರಸೆ ಇರಲಿಲ್ಲ.

“ಮೆಂಬರಕ್ಕ, ನನ್ಗೆ ಅರಮನೆ ಬೇಡ. ಯಾರೂ ಏಳು ಅಂತ ಹೇಳದ ಒಂದು ಜಾಗ ಸಿಕ್ಕಿದ್ರೆ ಸಾಕು.”

“ನೋಡುವ ಅಕ್ಕ” ಎಂದೆ. ನೋಡುವ ಎನ್ನುವುದು ಪಂಚಾಯತ್ ಸದಸ್ಯರು ಮೊದಲು ಕಲಿಯುವ ಮಾತು. ಆದರೆ ನನಗೆ ಅದು ಹೇಳಿ ಮರೆಯಲು ಬರುವುದಿಲ್ಲ. ಆ ವಾರವೆಲ್ಲ ಬ್ಲೌಸಿಗೆ ಕೈ ಜೋಡಿಸುವಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೊಲಿದೆ.

ಸರಕಾರದಿಂದ ಆದೇಶ ಬಂದದ್ದು ಅದೇ ಸಮಯಕ್ಕೆ. ಮನೆ ಇಲ್ಲದವರಿಗೆ ಜಾಗ ಹುಡುಕಿ, ಸರಕಾರಿ ಗುಡ್ಡಗಳಿದ್ದರೆ ಸಮತಟ್ಟು ಮಾಡಿ ಹಂಚಿ ಎಂದು. ನಮ್ಮಲ್ಲಿ ಇದ್ದ ಸರಕಾರಿ ಗುಡ್ಡ ಪದವು ಒಂದೇ. ತಾಲೂಕಿನಿಂದ ಬಂದ ಅಧಿಕಾರಿ ಸಭೆಯಲ್ಲಿ ಬಿಡಿಸಿ ಹೇಳಿದರು. ಗುಡ್ಡದಲ್ಲಿ ಒಳ್ಳೆಯ ಕೆಂಪು ಕಲ್ಲಿದೆ. ಗುತ್ತಿಗೆದಾರ ಕಲ್ಲು ಕಡಿದು ತೆಗೆದುಕೊಂಡು ಹೋಗುತ್ತಾನೆ, ಸರಕಾರಕ್ಕೆ ರಾಜಧನ ಕಟ್ಟುತ್ತಾನೆ, ಕಡಿದ ಜಾಗ ತಾನಾಗಿ ಸಮತಟ್ಟಾಗುತ್ತದೆ, ಅಲ್ಲಿ ನಿವೇಶನ. ಪಂಚಾಯತಿಗೆ ಖರ್ಚಿಲ್ಲ. ಕೊನೆಗೆ ಗಿಡ ನೆಡುವುದು, ಇಂಗುಗುಂಡಿ ಮಾಡುವುದು. “ಅಭಿವೃದ್ಧಿಯೂ ಆಯ್ತು, ಬಡವರಿಗೆ ಸೂರೂ ಆಯ್ತು, ಪರಿಸರಕ್ಕೂ ತೊಂದರೆ ಇಲ್ಲ” ಎಂದರು. ಬಯಲುಸೀಮೆಯ ಕಡೆಯವರು, ಪ್ರಾಮಾಣಿಕರು, ಜನರಿಗೆ ಏನಾದರೂ ಮಾಡಬೇಕೆಂಬ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು. ಎಲ್ಲರೂ ಮೇಜು ಕುಟ್ಟಿದರು. ನಾನೂ ಕುಟ್ಟಿದೆ. ಅಕ್ಕನಿಗೆ ಜಾಗ ಸಿಗುತ್ತದೆ ಎಂಬ ಸಂತೋಷಕ್ಕೆ ಅವತ್ತು ಪಿಡಿಒ ಕೊಟ್ಟ ತಣ್ಣಗಾದ ಚಹಾವೂ ರುಚಿಯಾಗಿತ್ತು.

ಮದಕದ ನೆನಪು ಬಂದದ್ದು ತವರಿನಲ್ಲಿ. ನಾರಾವಿಯ ತಮ್ಮನ ಮನೆಗೆ ಹೋಗಿದ್ದೆ. ಅವನ ತೋಟದ ಹಿಂದಿನ ಗುಡ್ಡದಲ್ಲಿ ಯಾರೋ ಖಾಸಗಿಯವರು ಕೆಲವು ವರ್ಷ ಕಲ್ಲು ಕಡಿದು, ಕಲ್ಲು ಮುಗಿದ ಮೇಲೆ ಬಿಟ್ಟು ಹೋಗಿದ್ದರು. ಅಲ್ಲಿ ಈಗ ಮನೆ ಮುಳುಗುವಷ್ಟು ಆಳದ ಹೊಂಡ, ಪಾಚಿಗಟ್ಟಿದ ನೀರು, ಸುತ್ತ ತಮ್ಮನೇ ಕಟ್ಟಿದ ಮುಳ್ಳಿನ ಬೇಲಿ. ಹೊಂಡದಲ್ಲಿ ನೀರಿದೆ, ಅವನ ಬಾವಿಯಲ್ಲಿ ಇಲ್ಲ. ಹೊಂಡ ಬಾವಿಗಿಂತ ಕೆಳಗೆ ಹೋಗಿ ಒರತೆಯನ್ನು ಎಳೆದುಕೊಂಡಿದೆಯಂತೆ. ನಾದಿನಿ ಪಾತ್ರೆ ತೊಳೆದ ನೀರನ್ನು ಬಕೆಟಿಗೆ ಹಿಡಿದು ಬಸಳೆಗೆ ಹೊಯ್ಯುತ್ತಿದ್ದಳು.

“ನಿಮ್ಮಲ್ಲಿಯೂ ಕಲ್ಲು ಕಡೀತಾರಂತೆ ಹೌದಾ ಅಕ್ಕ?” ಎಂದು ತಮ್ಮ ಕೇಳಿದ.

“ಹೌದು. ಬಡವರಿಗೆ ಮನೆಗೆ.”

“ಮನೆ ಬೇಕು. ನಾನು ಬೇಡ ಹೇಳುದಿಲ್ಲ. ಆದ್ರೆ ನಿಮ್ಮ ಆ ಮದಕ ಎಂತ ಆಗ್ತದೆ?”

ವಾಪಸು ಬರುವಾಗ ಬೆಳ್ತಂಗಡಿ ಕಡೆಯ ಗುಡ್ಡಗಳನ್ನೆಲ್ಲ ನೋಡುತ್ತ ಬಂದೆ. ಕೆಂಪಗೆ ಸೀಳಿದ್ದು ಎಲ್ಲೆಲ್ಲ ಕಂಡಿತೋ ಅಲ್ಲೆಲ್ಲ ಕೆಳಗೆ ಯಾರದೋ ಬಾವಿ ಇರಬೇಕಲ್ಲ ಎಂದು ಕಿಟಕಿಯಿಂದ ಬಗ್ಗಿ ಹುಡುಕಿದೆ. ಮನೆಗೆ ಬಂದು ಗಂಡನಿಗೆ ಹೇಳಿದರೆ, “ಮದಕ ಉಂಟು ಅಂತ ಹೇಳು. ಅದನ್ನು ಬಿಟ್ಟು ಉಳಿದ ಕಡೆ ಕಡಿಯಲಿ” ಎಂದರು. ಇಷ್ಟು ಸುಲಭವೇ ಎಂದು ನನಗೂ ಅನ್ನಿಸಿತು. ಜಾಗ ನೋಡಲು ಬಂದಾಗ ಹೇಳುವುದೆಂದು ನಿಶ್ಚಯಿಸಿದೆ.

ಆದರೆ ಊರಿನಲ್ಲಿ ಬೇರೆ ಗುಸುಗುಸು ಎದ್ದಿತ್ತು. ಪದವಿನ ಅಂಚಿನಲ್ಲಿ ಬೈಲಿನ ಮನೆಗಳವರ ಕುಮ್ಕಿ ಇದೆ. ಕುಮ್ಕಿ ಎಂದರೆ ಪಟ್ಟಾ ಜಾಗಕ್ಕೆ ತಾಗಿಕೊಂಡ ಸರಕಾರಿ ಭೂಮಿ. ಸೊಪ್ಪು, ತರಗೆಲೆ, ಸೌದೆ ತರಲು ಅಜ್ಜಂದಿರ ಕಾಲದಿಂದ ಬಂದ ಹಕ್ಕು. ಸೊಪ್ಪಿನ ಹಕ್ಕಿನಲ್ಲಿ ಮೆಲ್ಲಗೆ ಗೇರು ಗಿಡ ಎದ್ದಿತು, ಕೆಲವರದ್ದರಲ್ಲಿ ರಬ್ಬರ್ ಎದ್ದಿತು. ಕಾಗದದಲ್ಲಿ ಸರಕಾರದ್ದು, ಮನಸ್ಸಿನಲ್ಲಿ ನಮ್ಮದು. ನಮಗೂ ಒಂದು ತುಂಡು ಇದೆ, ಹೇಳದಿದ್ದರೆ ತಪ್ಪಾದೀತು. ಮದಕ ಇದೆ ಎಂದರೆ ಅದನ್ನು ಕೆರೆ ಎಂದು ದಾಖಲು ಮಾಡುತ್ತಾರೆ, ಕೆರೆಯ ಸುತ್ತ ಜಾಗ ಬಿಡಿಸುತ್ತಾರೆ, ಅಳೆಯಲು ಬಂದವರು ಕುಮ್ಕಿಯನ್ನೂ ಅಳೆದು ಬೇಲಿ ಕೀಳಿಸುತ್ತಾರೆ ಎಂಬ ಸುದ್ದಿ ಬೈಲಿನ ತುಂಬ ಹಬ್ಬಿತು. ಯಾರು ಹೇಳಿದರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಆದರೆ ಹೆದರಿಕೆಗೆ ಸಾಕ್ಷಿ ಬೇಕೇ?

ಅಧಿಕಾರಿ ಬಂದದ್ದು ಬಿರುಬೇಸಿಗೆಯಲ್ಲಿ. ಮದಕದ ತಳ ಒಡೆದು ಬಾಯಿಬಿಟ್ಟಿತ್ತು. ಹುಡುಗರು ನೆಟ್ಟ ಕ್ರಿಕೆಟ್ ಕೋಲುಗಳೂ ಅಲ್ಲೇ ಇದ್ದವು. ಬೈಲಿನವರೆಲ್ಲ ಒಂದು ಕಡೆ, ನಿವೇಶನ ಕೇಳಿದವರು ಇನ್ನೊಂದು ಕಡೆ, ನಡುವೆ ನಾನು. ಅಧಿಕಾರಿ ಛತ್ರಿ ಹಿಡಿದುಕೊಂಡು ಏರಿಯ ಮೇಲೆಯೇ ನಿಂತು ಕೇಳಿದರು. “ಇಲ್ಲಿ ಕೆರೆ, ಕಟ್ಟೆ, ಮದಕ ಅಂತ ಏನಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳ್ಬಿಡಿ. ಇದ್ರೆ ಈ ಜಾಗ ನಾನು ಮುಟ್ಟೋ ಹಾಗಿಲ್ಲ.”

ಬೈಲಿನ ದೊಡ್ಡ ಮನೆಯ ಯಜಮಾನರು ಮುಂದೆ ಬಂದರು. ಊರಿನಲ್ಲಿ ಅವರ ಮಾತಿಗೆ ಬೆಲೆ ಇದೆ, ಅವರ ಗದ್ದೆ, ತೋಟವೇ ಮದಕಕ್ಕೆ ಎಲ್ಲಕ್ಕಿಂತ ಹತ್ತಿರ. “ಇಲ್ಲ ಸರ್” ಎಂದರು. “ಇದು ಬರೀ ಗುಂಡಿ. ಹಿಂದೆ ಮನೆ ಕಟ್ಟುವಾಗ ಮಣ್ಣು ತೆಗೆದದ್ದು.”

ಹಿಂದೆ ನಿಂತವರೂ ತಲೆಯಾಡಿಸಿದರು. ಅವರಲ್ಲಿ ಹೂಳು ತೆಗೆದವರಿದ್ದರು, ಮದಕದಲ್ಲಿ ಈಜು ಕಲಿತವರಿದ್ದರು. ನಿವೇಶನದವರು ಬಾಯಿ ಬಿಡಲಿಲ್ಲ. ಒಬ್ಬರಿಗೆ ಕುಮ್ಕಿ ಹೋಗುವ ಹೆದರಿಕೆ, ಇನ್ನೊಬ್ಬರಿಗೆ ಮನೆ ಹೋಗುವ ಹೆದರಿಕೆ. ಯಾವತ್ತೂ ಒಂದು ಮಾತಿಗೆ ಸೇರದ ಊರು ಅವತ್ತು ಒಂದೇ ಮಾತಿಗೆ ಸೇರಿತ್ತು.

“ಮೇಡಂ, ನೀವು ಹೇಳಿ” ಎಂದರು ಅಧಿಕಾರಿ.

ನಾನು ಅಕ್ಕನ ಕಡೆ ನೋಡಿದೆ. ಅವರು ಸೆರಗಿನ ತುದಿಯನ್ನು ಬೀಡಿಯ ಹಾಗೆ ಸುತ್ತುತ್ತ, ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮದಕ ಬಿಟ್ಟು ಉಳಿದ ಕಡೆ ಕಡಿಯಿರಿ ಎಂದು ಹೇಳಲು ಬಂದವಳು ನಾನು. ಆದರೆ ಈ ಮನುಷ್ಯ, ಇದ್ದರೆ ಜಾಗವನ್ನೇ ಮುಟ್ಟುವುದಿಲ್ಲ ಎನ್ನುತ್ತಿದ್ದಾರೆ. ಬೇರೆ ಜಾಗ ಇಲ್ಲ, ಮಳೆ ಹತ್ತಿರ.

“ಮಳೆಗಾಲದಲ್ಲಿ ನೀರು ನಿಲ್ತದೆ ಸರ್” ಎಂದೆ.

“ಮಳೆಗಾಲದಲ್ಲಿ ನಿಮ್ಮ ಬಂಟ್ವಾಳ ಪೇಟೆಯಲ್ಲೂ ನೀರು ನಿಲ್ಲತ್ತೆ ಮೇಡಂ” ಎಂದರು ಅವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಜಮಾನರ ನಗು ಎಲ್ಲರಿಗಿಂತ ದೊಡ್ಡದಿತ್ತು. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಕಲ್ಲು ಕಡಿಯುವ ಯಂತ್ರ ಬಂತು. ಅದರ ಕಿರ್ರೆನ್ನುವ ಶಬ್ದಕ್ಕೆ ನಮ್ಮ ಕರು ಮೊದಮೊದಲು ಹಗ್ಗ ಹರಿಯುತ್ತಿತ್ತು, ಮತ್ತೆ ಅದೂ ಒಗ್ಗಿಕೊಂಡಿತು. ಒಣಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು ಕೂರುತ್ತಿತ್ತು. ಆದರೆ ಊರಿಗೆ ಕಳೆ ಬಂದದ್ದು ಸುಳ್ಳಲ್ಲ. ಲಾರಿ ಹೋಗಲೆಂದು ರಸ್ತೆಗೆ ಡಾಮರು ಬಿತ್ತು, ಜಂಕ್ಷನ್ನಿನ ಹೋಟೆಲಿನವನು ಬೆಳಗ್ಗಿನ ಗೋಳಿಬಜೆಯನ್ನು ಎರಡು ಸಲ ಕರಿಯಬೇಕಾಯಿತು, ನನ್ನ ಗಂಡನ ರಿಕ್ಷಾ ನಿಲ್ಲಲು ಪುರುಸೊತ್ತಿರಲಿಲ್ಲ. ಕೆಲಸ ಇಲ್ಲದೆ ದೂರದ ಮಾಣಿ ಪೇಟೆಯ ಕಡೆ ಹೋಗುತ್ತಿದ್ದ ಹುಡುಗರು ಊರಲ್ಲೇ ಲೋಡಿಂಗ್ ಮಾಡಿದರು. ನನ್ನ ಚಿಂತೆಯನ್ನು ಕೇಳುವವರೇ ಇಲ್ಲದಾಯಿತು. ನನ್ನ ತಲೆಯೇ ಸರಿ ಇಲ್ಲವೋ ಏನೋ ಎಂದು ನನಗೇ ಸಂಶಯ ಬಂತು.

ಅಕ್ಕನ ಪುಣ್ಯಕ್ಕೆ ಕಟ್ಟಡದ ಧಣಿ ಇನ್ನೂ ಒಂದು ಮಳೆಗಾಲ ಇರಲು ಬಿಟ್ಟರು. ಆ ಮಳೆಗಾಲದಲ್ಲಿ ಮೊದಲ ಪೆಟ್ಟು ಬಿತ್ತು. ಲಾರಿಯ ದಾರಿಗೆಂದು ಮದಕದ ಏರಿಯನ್ನು ಕಡಿದಿದ್ದರು. ಆಟಿ ತಿಂಗಳ ಜಡಿಮಳೆಗೆ ಪದವಿನ ನೀರು ನಿಲ್ಲಲು ಜಾಗವಿಲ್ಲದೆ, ಕಲ್ಲಿನ ಪುಡಿಯನ್ನು ಹೊತ್ತುಕೊಂಡು ನೇರ ಬೈಲಿಗೆ ಇಳಿಯಿತು. ಆಗಷ್ಟೆ ನೆಟ್ಟ ಭತ್ತದ ನೇಜಿ ಕೆಂಪು ಕೆಸರಿನಡಿ ಮಲಗಿತು. ಯಜಮಾನರು ಛತ್ರಿಯನ್ನೂ ಹಿಡಿಯದೆ ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತಿದ್ದರು. ನಾನು ಹತ್ತಿರ ಹೋದರೆ ಬೈದರು. ಪಂಚಾಯತಿಗೆ, ಸರಕಾರಕ್ಕೆ, ಕಲ್ಲಿನವನಿಗೆ ಬೈದು, ಕೊನೆಗೆ ದನಿ ಇಳಿಸಿ, “ಅವತ್ತು ನಾನು ಹೇಳಬೇಕಿತ್ತು” ಎಂದರು.

ಮಳೆ ಬಿಟ್ಟ ಮೇಲೆ ಮನೆಗಳು ಎದ್ದವು. ಪದವಿನಿಂದಲೇ ಕಡಿದ ಕಲ್ಲು, ಸರಕಾರದ ಸಹಾಯಧನ, ಅಕ್ಕ ಚೀಟಿ ಹಾಕಿ ಕೂಡಿಟ್ಟ ದುಡ್ಡು, ಎಲ್ಲ ಸೇರಿ ಒಂದು ಕೋಣೆ, ಒಂದು ಅಡುಗೆಮನೆ, ಎದುರಿಗೆ ಕೂತು ಬೀಡಿ ಕಟ್ಟುವಷ್ಟು ಜಗಲಿ. ಅಂಗಳದಲ್ಲಿ ಹೊಸ ಯೋಜನೆಯ ನೀರಿನ ನಳ್ಳಿಯನ್ನೂ ಹಾಕಿದ್ದರು. ಮನೆ ಒಕ್ಕಲಿನ ದಿನ ಅಕ್ಕ ಅಕ್ಕಿರೊಟ್ಟಿಯಂಥ ಪತ್ತಿರ್ ಮಾಡಿ ಹೊಟ್ಟೆ ತುಂಬ ಬಡಿಸಿದರು. ಗೋಡೆಯನ್ನು ಅಂಗೈಯಿಂದ ಸವರಿ, “ಇದು ನನ್ನದಲ್ವಾ ಮೆಂಬರಕ್ಕ? ಇನ್ನು ಯಾರೂ ಏಳು ಅಂತ ಹೇಳುದಿಲ್ಲ ಅಲ್ವಾ?” ಎಂದು ಕೇಳಿದರು. ನನಗೆ ಅಳು ಬಂತು. ಸಂತೋಷದ ಅಳು ಅದು. ಅದರೊಳಗೂ ನನ್ನ ಕಣ್ಣು ಆ ನಳ್ಳಿಯ ಮೇಲೆಯೇ ಇತ್ತು. ಅದಕ್ಕೆ ನೀರು ಬರಬೇಕಾದದ್ದು ಬೈಲಿನ ಪಂಚಾಯತ್ ಬಾವಿಯಿಂದ, ಬೈಲಿನ ಬಾವಿಗೆ ಬರಬೇಕಾದದ್ದು ಮದಕದಿಂದ, ಮದಕದಲ್ಲಿ ಈಗ ಆರೇಳು ಮನೆಗಳ ಅಡಿಪಾಯ.

ಶಿವರಾತ್ರಿಯವರೆಗೆ ನೀರು ಮೇಲೆ ಹತ್ತಿತು. ಆಮೇಲೆ ಪಂಪು ಗಾಳಿ ಎಳೆಯತೊಡಗಿತು. ಬೈಲಿಗೆ ಒಂದು ದಿನ, ಪದವಿಗೆ ಒಂದು ದಿನ ಎಂದು ಸರದಿ ಮಾಡಿದೆವು. ಬೈಲಿನವರು, ನಮ್ಮ ಬಾವಿಯ ನೀರು ಅವರಿಗ್ಯಾಕೆ ಎಂದರು. ಪದವಿನವರು, ನಾವು ಮನುಷ್ಯರಲ್ವಾ ಎಂದರು. ಎರಡೂ ಕಡೆಯವರು ನನ್ನ ಅಂಗಳಕ್ಕೇ ಬಂದು ಜಗಳವಾಡಿದರು. ನಮ್ಮ ಮನೆಯ ಬಾವಿಯಲ್ಲೂ ಕೊಡಪಾನ ತಳಕ್ಕೆ ತಾಗಿ ಟಣ್ಣೆನ್ನುತ್ತಿತ್ತು. ಪದವಿನಲ್ಲಿ ಬೋರ್‌ವೆಲ್ ಕೊರೆಸಿದೆವು. ಊರೆಲ್ಲ ಸುತ್ತ ನಿಂತು ನೋಡಿದರೆ ಬರೀ ಧೂಳು ಹಾರಿತು. ಟ್ಯಾಂಕರ್ ಹತ್ತುತ್ತಿತ್ತು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮದಕವನ್ನು ಇನ್ನೊಂದು ಮಗ್ಗುಲಲ್ಲಾದರೂ ಮಾಡಿಕೊಡಿ ಎಂದು ಕೇಳಲು ಯಜಮಾನರೂ ನಾನೂ ಬಂಟ್ವಾಳಕ್ಕೆ ಹೋದೆವು. ನೀರಿನ ಜಾಗಗಳನ್ನು ಸರಿಪಡಿಸಲು ಸರಕಾರದ ಬೇರೆಯೇ ಯೋಜನೆ ಇದೆಯಂತೆ, ಅದಕ್ಕೆ ಅನುದಾನವೂ ಇದೆಯಂತೆ. ಅಧಿಕಾರಿ ಮಾತನ್ನು ಪೂರ್ತಿ ಕೇಳಿದರು. “ಇದ್ದ ಕೆರೆಯನ್ನ ಸರಿ ಮಾಡೋಕೆ ಮಾತ್ರ ಈ ದುಡ್ಡು. ನಿಮ್ಮೂರಲ್ಲಿ ಕೆರೆ, ಮದಕ ಯಾವುದೂ ಇಲ್ಲ ಅಂತ ಇದೇ ಯಜಮಾನ್ರು ನನ್ನೆದುರು ಹೇಳಿದ್ದಾರೆ. ಇಲ್ಲದ್ದನ್ನ ನಾನು ಹೇಗೆ ಸರಿ ಮಾಡ್ಲಿ?” ಎಂದು ಕೇಳಿದರು. ಅವರ ದನಿಯಲ್ಲಿ ಕುಚೋದ್ಯ ಇರಲಿಲ್ಲ, ನಿಜವಾಗಿಯೂ ಬೇಸರ ಇತ್ತು.

ಬಸ್ ನಿಲ್ದಾಣದಲ್ಲಿ ಯಜಮಾನರು ಚಹಾ ಕುಡಿಯಲಿಲ್ಲ. “ಕುಮ್ಕಿ ಹೋಗ್ತದೆ ಅಂತ ಹೆದರಿದೆ ಮಾರಾಯ್ತಿ. ಈಗ ಕುಮ್ಕಿ ಉಂಟು. ಗೇರು ಮರವೂ ಉಂಟು. ಕುಡಿಲಿಕ್ಕೆ ನೀರಿಲ್ಲ” ಎಂದರು. ಅಷ್ಟು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಮನೆಯವಳಂತೆ ಮಾತಾಡಿಸಿದ್ದು ಅದೇ ಮೊದಲು.

ಬೀಡಿಯ ಅಕ್ಕ ಎಲ್ಲರ ಹಾಗೆ ಜಗಳಕ್ಕೆ ಬಂದವರಲ್ಲ. ಸಿಕ್ಕಿದ ನೀರಲ್ಲಿ ಸುಧಾರಿಸುತ್ತಿದ್ದರು. ಬೆಳಗ್ಗೆ ಇಳಿದು ಬಂದು ಎರಡು ಕೊಡ ಹೊತ್ತು ಹತ್ತುತ್ತಿದ್ದರು. ಮಂಡಿ ಊದಿಕೊಂಡಿತು. ಮಗಳು ಕಾಲೇಜು ತಪ್ಪಿಸಿ ನೀರಿಗೆ ನಿಲ್ಲತೊಡಗಿದಳು. ಅಕ್ಕನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತರು.

“ಮಾಣಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಹತ್ತಿರ ಒಂದು ಬಾಡಿಗೆ ರೂಮು ಸಿಕ್ಕಿತು. ನೀರು ಉಂಟು. ಕಟ್ಟಿದ ಬೀಡಿ ಕೊಡುವ ಬ್ರಾಂಚೂ ಹತ್ತಿರ ಉಂಟು. ನಾಳೆ ಹೋಗ್ತೇವೆ.”

“ಮನೆ ಅಕ್ಕ?”

“ಮನೆ ಎಲ್ಲಿಗೆ ಹೋಗ್ತದೆ? ಇರ್ತದೆ” ಎಂದು ನಕ್ಕರು. ಆಮೇಲೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. “ಆದ್ರೆ ಜನ ಇಲ್ಲದ ಮನೆ ಅಂತ ಗೊತ್ತಾದ್ರೆ ಕ್ಯಾನ್ಸಲ್ ಮಾಡ್ತಾರಂತೆ ಅಲ್ವಾ? ಸಾಯಂಕಾಲ ಆಗುವಾಗ ಒಮ್ಮೆ ಹೋಗಿ ಲೈಟ್ ಹಾಕಿ ಬನ್ನಿ ಮೆಂಬರಕ್ಕ. ಬೆಳಿಗ್ಗೆ ತೆಗೆದ್ರೆ ಆಯ್ತು. ನೀರು ಬಂದ ಮೇಲೆ ಹೇಳಿ. ಆ ದಿನವೇ ಬರ್ತೇನೆ.”

ನಾನು ಹ್ಞೂಂ ಎಂದೆ. ಬೇಡ ಎನ್ನಲು ಯಾವ ಬಾಯಿ ನನಗೆ?

ಅಂದಿನಿಂದ ಸಂಜೆಯ ಕೆಲಸಕ್ಕೆ ಒಂದು ಕೆಲಸ ಸೇರಿತು. ಬೀಗ ತೆಗೆದರೆ ಹೊಗೆಸೊಪ್ಪಿನ ವಾಸನೆ ಇನ್ನೂ ಗೋಡೆಯಲ್ಲಿ ಇರುತ್ತಿತ್ತು. ದೀಪ ಹಾಕಿ, ಒಂದು ಕ್ಷಣ ನಿಂತು, ಬೀಗ ಹಾಕಿ ಇಳಿಯುತ್ತಿದ್ದೆ. ಮೊದಲ ವಾರ ಇದು ನಾನೊಬ್ಬಳೇ ಮಾಡುವ ಕಳ್ಳ ಕೆಲಸ ಎಂದುಕೊಂಡಿದ್ದೆ. ಒಂದು ಸಂಜೆ ಮೂರನೆಯ ಮನೆಯ ದೀಪ ಹೊತ್ತಿತು, ಬಾಗಿಲು ತೆರೆದು ಹೊರಗೆ ಬಂದವರು ಬೈಲಿನ ಕಡೆಯ ಒಬ್ಬ ಮುದುಕ. ಆ ಮನೆಯ ಹುಡುಗಿಯ ಅಜ್ಜ. ಅವರ ಕೈಯಲ್ಲೂ ಬೀಗದ ಕೈ. ಒಬ್ಬರನ್ನೊಬ್ಬರು ನೋಡಿದೆವು. “ನೀವೂ ಲೈಟಿಗಾ?” ಎಂದರು. ಆಮೇಲೆ ಗಮನವಿಟ್ಟು ನೋಡಿದೆ. ಸಂಜೆಯಾದರೆ ಪದವಿಗೆ ಹತ್ತಿ ಬರುವವರು, ದೀಪ ಹಾಕಿ ಇಳಿಯುವವರು ಬಹಳ ಮಂದಿ ಇದ್ದರು. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಅನ್ನ ಬೇಯುತ್ತಿರಲಿಲ್ಲ.

ಹೋದ ತಿಂಗಳು ಬಂಟ್ವಾಳದಲ್ಲಿ ಕುಡಿಯುವ ನೀರಿನ ಸಭೆ ಇತ್ತು. ಪಿಡಿಒ ಜತೆ ನಾನೂ ಹೋದೆ. ಈ ಸಲ ಅರ್ಧ ಮಾತಾಡುವುದಿಲ್ಲ, ಪೂರ್ತಿ ಹೇಳುತ್ತೇನೆ ಎಂದು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ನಮ್ಮ ಸರದಿ ಬಂದಾಗ ಅಧಿಕಾರಿಯ ಮುಖ ಅರಳಿತು.

“ಮೊನ್ನೆ ಸಂಜೆ ಮೂಡುಬಿದಿರೆಯಿಂದ ಬರ್ತಾ ನೋಡಿದೆ ಮೇಡಂ. ಗುಡ್ಡದ ಮೇಲೆ ಮನೆಮನೆಯಲ್ಲೂ ದೀಪ. ಬೇರೆ ಕಡೆಯೆಲ್ಲ ಸೈಟು ಕೊಟ್ರೂ ಜನ ಹೋಗಲ್ಲ, ಅಂಥವನ್ನ ಈಗ ರದ್ದು ಮಾಡ್ತಾ ಇದ್ದೀವಿ. ನಿಮ್ಮದು ನೋಡಿ ಖುಷಿಯಾಯ್ತು.”

“ಅಲ್ಲಿ ನೀರಿಲ್ಲ ಸರ್.”

“ಜನ ವಾಸ ಇದ್ದಾರಲ್ಲ ಮೇಡಂ. ನೀರೇ ಇಲ್ದೆ ಯಾರಾದ್ರೂ ವಾಸ ಮಾಡ್ತಾರಾ? ಸ್ವಲ್ಪ ಕಷ್ಟ ಇರಬಹುದು. ಅದಕ್ಕಿಂತ ತುರ್ತು ಇರೋ ಊರುಗಳಿವೆ, ಮೊದಲು ಅವು ಆಗ್ಲಿ.”

ನೀರಿಲ್ಲದೆ ಜನ ಬಿಟ್ಟು ಹೋಗಿದ್ದಾರೆ ಸರ್ ಎಂದರೆ ನೀರು ಬಂದೀತು, ಆದರೆ ಬರುವ ಮೊದಲೇ ಅಕ್ಕನ ಮನೆ ರದ್ದಾದೀತು. ಇದ್ದಾರೆ ಸರ್ ಎಂದರೆ ಮನೆ ಉಳಿದೀತು, ನೀರು ಬರುವುದಿಲ್ಲ. ಸಭೆಯಲ್ಲಿ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ನಾನು ಕೂತೆ. ಅವರು ಮುಂದಿನ ಊರಿನ ಹೆಸರು ಓದಿದರು.

ಬಸ್ಸು ತಡವಾಯಿತು. ಸಿದ್ಧಕಟ್ಟೆಯಲ್ಲಿ ಇಳಿದಾಗ ಬೆಳಕು ಹೋಗುತ್ತಿತ್ತು. ಮನೆಗೂ ಹೋಗದೆ, ಸಭೆಗೆ ಉಟ್ಟ ಸೀರೆಯಲ್ಲೇ ಪದವು ಹತ್ತಿದೆ. ಉಳಿದ ಮನೆಗಳಲ್ಲಿ ದೀಪ ಉರಿಯುತ್ತಿತ್ತು, ಅಕ್ಕನದ್ದು ಮಾತ್ರ ಕತ್ತಲು. ಯಾರಾದರೂ ನೋಡಿಬಿಟ್ಟರೆ ಎಂದು ಓಡುತ್ತಲೇ ಹೋದೆ. ಬಾಗಿಲು ತೆರೆದು ಸ್ವಿಚ್ಚು ಒತ್ತಿದ್ದೆ ಅಷ್ಟೆ, ಫೋನು ಬಂತು. ಮಾಣಿಯಿಂದ ಅಕ್ಕ.

“ಮೀಟಿಂಗು ಮುಗಿಯಿತಾ ಮೆಂಬರಕ್ಕ? ನೀರಿಂದು ಎಂತ ಹೇಳಿದ್ರು?”

“ಬೇರೆ ಊರಿಗೆ ಮೊದಲು ಕೊಡ್ತಾರಂತೆ ಅಕ್ಕ.”

ಆ ಕಡೆಯಿಂದ ಬೀಡಿ ಎಲೆ ಕತ್ತರಿಸುವ ಕತ್ತರಿಯ ಶಬ್ದ ಕೇಳುತ್ತಿತ್ತು, ಅದು ನಿಂತಿತು.

“ಲೈಟ್ ಹಾಕಿದ್ರಾ?”

“ಹಾಕಿದೆ.”

“ಆಯ್ತು ಹಾಗಾದ್ರೆ” ಎಂದರು. “ನಾಳೆಯೂ ಹಾಕಿ.”